ಚರ್ಚಿನೊಳಗೆ ಸೆಕೆ, ಕೈಯಲ್ಲಿ ಕರೆಂಟ್ ಬಿಲ್: ಎಸಿ ಹಾಕಿಸುವ ಮೊದಲು ಏನೇನು ನೋಡಬೇಕು?

ಏಪ್ರಿಲ್ ಬಂತೆಂದರೆ ಕರಾವಳಿಯ ಚರ್ಚುಗಳ ಪಾಲನಾ ಮಂಡಳಿ ಸಭೆಗೆ ಎರಡು ದೂರು ಒಟ್ಟಿಗೇ ಬರುತ್ತವೆ. ಒಳಗೆ ಕೂರೋಕಾಗಲ್ಲ ಅನ್ನುವುದು ಒಂದು, ಕರೆಂಟ್ ಬಿಲ್ ಯಾಕೆ ಇಷ್ಟೊಂದು ಅನ್ನುವುದು ಇನ್ನೊಂದು. ಅಷ್ಟರಲ್ಲಿ ಯಾರೋ ಒಬ್ಬರು, "ಎಸಿ ಹಾಕಿಸಿಬಿಡೋಣ ಫಾದರ್, ದಾನಿಗಳು ಸಿಗ್ತಾರೆ" ಅನ್ನುತ್ತಾರೆ. ದಾನಿಗಳು ಎಸಿ ಕೊಡುತ್ತಾರೆ, ನಿಜ. ತಿಂಗಳು ತಿಂಗಳು ಬಿಲ್ ಕಟ್ಟಲು ಬರುವುದಿಲ್ಲ.

ನಾನು ನೋಡಿದ ಮಟ್ಟಿಗೆ ಸೆಕೆಗೆ ಕಾರಣ ಮಾಡು (ಛಾವಣಿ) ಮತ್ತು ಮುಚ್ಚಿಹೋದ ಕಿಂಡಿಗಳು. ಬಿಲ್ಲಿಗೆ ಕಾರಣ ಭಾನುವಾರಕ್ಕಿಂತ ಉಳಿದ ಆರು ದಿನಗಳಲ್ಲೇ ಜಾಸ್ತಿ ಸಿಗುತ್ತದೆ. ಎರಡನ್ನೂ ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಒಂದು ಕಟ್ಟು ಊದುಬತ್ತಿ, ಗೋಡೆಗೆ ತೂಗುಹಾಕುವ ಎರಡು ಥರ್ಮಾಮೀಟರ್, ಟಾರ್ಚ್, ನೋಟ್‌ಬುಕ್ ಸಾಕು. ಮಾಡಿನ ಬಿಸಿ ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಗನ್ ಯಾರ ಬಳಿಯಾದರೂ ಇದ್ದರೆ ಒಳ್ಳೆಯದು. ಕೋವಿಡ್ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ ಇದಕ್ಕೆ ಆಗುವುದಿಲ್ಲ, ವರ್ಕ್‌ಶಾಪಿನವರು ಬಳಸುವಂಥದ್ದು ಬೇಕು.

ಲಕ್ಷಣ 1: ಬೆಳಗ್ಗೆ ಪರವಾಗಿಲ್ಲ, ಸಂಜೆ ಪೂಜೆಗೆ ಕೂರೋಕಾಗಲ್ಲ

ಮೊದಲು ಸಮಯ ನೋಡಿ. ಯಾವ ಹೊತ್ತಿಗೆ ಸೆಕೆ ಶುರುವಾಗುತ್ತದೆ, ಯಾವಾಗ ಇಳಿಯುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದು ಥರ್ಮಾಮೀಟರ್ ಒಳಗೆ ಬೆಂಚಿನ ಎತ್ತರದಲ್ಲಿ ಇಡಿ, ಇನ್ನೊಂದು ಹೊರಗೆ ನೆರಳಿನಲ್ಲಿ. ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 4, ರಾತ್ರಿ 8 ಗಂಟೆಗೆ ಬರೆದುಕೊಳ್ಳಿ. ಒಂದು ವಾರ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಬಿಸಿಲು ಏರಿದ ಕೂಡಲೇ ಒಳಗೆ ಕಾಯುತ್ತದೆ, ಮೋಡ ಬಂದರೆ ಸ್ವಲ್ಪ ಹೊತ್ತಿನಲ್ಲೇ ತಣಿಯುತ್ತದೆ ಅಂದರೆ ಅದು ತಗಡು ಶೀಟಿನ ಗುಣ. ಹಂಚು ತೆಗೆದು ಶೀಟು ಹೊದೆಸಿದ ಚರ್ಚುಗಳಲ್ಲಿ ಇದು ಮಾಮೂಲು. ಮಧ್ಯಾಹ್ನ ಅಷ್ಟಿಲ್ಲ, ಸಂಜೆ 5ರ ಮೇಲೆ ತಲೆಯ ಮೇಲಿಂದ ಬಿಸಿ ಇಳಿಯುತ್ತದೆ, ಹೊರಗೆ ತಣ್ಣಗಾದರೂ ಒಳಗೆ ಕಡಿಮೆಯಾಗುವುದಿಲ್ಲ ಅಂದರೆ ಆರ್‌ಸಿಸಿ ಸ್ಲ್ಯಾಬು. ಅದು ಹಗಲಿಡೀ ಬಿಸಿ ಕುಡಿದು ರಾತ್ರಿ ಬಿಡುತ್ತದೆ. ಬರೀ ಪಶ್ಚಿಮದ ಬೆಂಚುಗಳಲ್ಲಿ ಕೂತವರು ಮಾತ್ರ ದೂರುತ್ತಾರಾ? ಹಾಗಿದ್ದರೆ ಮಾಡಿನ ತಪ್ಪಲ್ಲ, ಕಿಟಕಿಯದು. ಹಳೆ ಚರ್ಚುಗಳಲ್ಲಿ ಆಲ್ತಾರ್ (ಪೂಜೆಯ ಪೀಠ) ಪೂರ್ವಕ್ಕೆ, ಮುಖ್ಯ ಬಾಗಿಲು ಪಶ್ಚಿಮಕ್ಕೆ ಇರುವುದು ರೂಢಿ. ಸಂಜೆ ಬಿಸಿಲು ನೇರ ಬಾಗಿಲಿನಿಂದ ಒಳಗೆ ಬರುತ್ತದೆ. ಮುಂದೆ ಆಳವಾದ ಮುಖಮಂಟಪ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ಇನ್ನು ಗನ್ ಇದ್ದರೆ ಸಂಜೆ ಮಾಡಿನ ಒಳಮೈ ಮತ್ತು ಗೋಡೆ ಎರಡನ್ನೂ ಅಳೆಯಿರಿ. ಮಾಡು ಗೋಡೆಗಿಂತ ಐದಾರು ಡಿಗ್ರಿಗಿಂತಲೂ ಹೆಚ್ಚು ಬಿಸಿ ಇದ್ದರೆ ಫ್ಯಾನ್ ಎಷ್ಟು ಹಾಕಿದರೂ ತಲೆ ಕಾಯುವುದು ನಿಲ್ಲುವುದಿಲ್ಲ. ಹೊಳೆಯುವ, ಬಣ್ಣ ಹಚ್ಚದ ತಗಡಿನ ಮೇಲೆ ಗನ್ ಸುಳ್ಳು ಹೇಳುತ್ತದೆ. ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಗುರಿ ಇಡಿ.

ಅಗ್ಗದ ಪರಿಹಾರದಿಂದ ಶುರು ಮಾಡಿ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ಬಿದಿರಿನ ತಟ್ಟಿ ಅಥವಾ ಶೇಡ್ ನೆಟ್ ಮೇಲು. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಪರದೆ ಹೊರಗೆ ಕಳಿಸಲಾರದು. ಸ್ಲ್ಯಾಬಿಗೆ ಬಿಳಿ ಕೂಲ್ ಕೋಟಿಂಗ್ ಅಥವಾ ಸುಣ್ಣ ಕೆಲಸ ಮಾಡುತ್ತದೆ, ಆದರೆ ನಮ್ಮ ಮಳೆಯಲ್ಲಿ ಒಂದೇ ವರ್ಷಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ. ನವೆಂಬರಿನಲ್ಲಿ ತೊಳೆದು ಮತ್ತೆ ಬಳಿಯುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಕೈಯಲ್ಲಿ ದುಡ್ಡಿದ್ದರೆ ಸ್ಲ್ಯಾಬಿನ ಮೇಲೆ ಚೌಕಟ್ಟು ನಿಲ್ಲಿಸಿ ಹಂಚು ಹೊದೆಸುವುದೇ ಬಾಳಿಕೆ ಬರುವ ದಾರಿ. ನೆರಳೂ ಆಯಿತು, ಸೋರುವುದೂ ನಿಂತಿತು.

ಹಂಚಿನ ಮಾಡು ಇನ್ನೂ ಉಳಿದಿದ್ದರೆ ದಯವಿಟ್ಟು ಅದನ್ನು ಕಳೆಯಬೇಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ ಈ ಹಂಚು ನಮ್ಮ ಹವೆಗೆ ಹೇಳಿಮಾಡಿಸಿದ್ದು. ಹಂಚು ಹಂಚಿನ ನಡುವಿನ ಸಂದಿಯಲ್ಲೇ ಬಿಸಿಗಾಳಿ ಹೊರಗೆ ಹೋಗುತ್ತದೆ. ಅದನ್ನು ಸಿಮೆಂಟ್ ಮೆತ್ತಿ ಮುಚ್ಚಿದವರು ಸೆಕೆಯನ್ನು ಒಳಗೇ ಕಟ್ಟಿಹಾಕಿದ್ದಾರೆ.

ಎಚ್ಚರಿಕೆ: ಹಂಚಿನ ಮೇಲೆ ಹತ್ತುವ ಕೆಲಸ ಅಭ್ಯಾಸ ಇದ್ದವರಿಗೇ ಬಿಡಿ. ಯುವಜನರು ಸೇವೆ ಅಂತ ಏಣಿ ಹಾಕಿ ಹತ್ತುವುದು ಬೇಡ. ಹಳೆಯ ಹಾಲ್, ಸೈಕಲ್ ಶೆಡ್ಡುಗಳ ಮೇಲಿನ ಬೂದು ಬಣ್ಣದ ಅಲೆಅಲೆ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಕೊರೆಯಬೇಡಿ, ಕತ್ತರಿಸಬೇಡಿ, ಒಣಗಿದಾಗ ಬ್ರಷ್ ಹಾಕಿ ಉಜ್ಜಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಅಪಾಯ.

ಲಕ್ಷಣ 2: ಖಾಲಿ ಇದ್ದಾಗ ತಂಪು, ಜನ ತುಂಬಿದರೆ ಉಸಿರುಗಟ್ಟುತ್ತದೆ

ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಹೊರಬೀಳುತ್ತದೆ. 300 ಜನ ಅಂದರೆ 30 ಕಿಲೋವ್ಯಾಟ್. ಮೂವತ್ತು ರೂಮ್ ಹೀಟರ್ ಹಚ್ಚಿಟ್ಟು ಬಾಗಿಲು ಹಾಕಿದ ಲೆಕ್ಕ. ಜೊತೆಗೆ ಬೆವರು, ಉಸಿರಿನ ತೇವ ಬೇರೆ. ಈ ಬಿಸಿ ಮೇಲೇರಿ ಹೊರಗೆ ಹೋಗಲಿ ಅಂತಲೇ ಹಳಬರು ಎತ್ತರದ ಮಾಡು, ಮಾಡಿನ ಕೆಳಗೆ ಸಾಲು ಕಿಂಡಿ ಇಟ್ಟಿದ್ದರು. ಆ ಕಿಂಡಿಗಳು ಈಗ ಹೇಗಿವೆ?

ಟಾರ್ಚ್ ಹಿಡಿದು ಗಾಯನ ಮಂಡಳಿಯ ಅಟ್ಟಕ್ಕೆ ಹತ್ತಿ ನೋಡಿ. ಪಾರಿವಾಳ ಬರುತ್ತದೆ ಅಂತ ಹೊಡೆದ ಪ್ಲೈವುಡ್, ಮಳೆ ಇರಚಲು ಬರುತ್ತದೆ ಅಂತ ಕೂರಿಸಿದ ಗಾಜು, ಬಲೆಗೆ ಹತ್ತು ವರ್ಷದ ಧೂಳು ಹತ್ತಿ ಗೋಡೆಯೇ ಆದದ್ದು, ಇವೆಲ್ಲ ಸಾಮಾನ್ಯ. ಒಂದು ಚರ್ಚಿನಲ್ಲಿ ಬೆರಳಿನಿಂದ ಒತ್ತಿದಾಗ ಬಲೆಯ ಧೂಳು ಕಂಬಳಿಯ ಚೂರಿನಂತೆ ಕಳಚಿ ಬಂತು. ಅದರ ಹಿಂದಿನಿಂದ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಅಷ್ಟು ದಿನ ಆ ಗಾಳಿ ಹೊರಗೇ ನಿಂತಿತ್ತು. ಇನ್ನೊಂದು ದೊಡ್ಡ ಅಪರಾಧಿ, ಚಂದಕ್ಕೆ ಅಂತ ಹಾಕಿಸುವ ಪಿಒಪಿ ಅಥವಾ ಪಿವಿಸಿ ಸೀಲಿಂಗ್. ಅದು ಕಿಂಡಿಗಳಿಗಿಂತ ಕೆಳಗೆ ಬಂದರೆ ಕಿಂಡಿ ಇದ್ದೂ ಇಲ್ಲದ ಹಾಗೆ.

ಈಗ ಊದುಬತ್ತಿ ಪರೀಕ್ಷೆ. ಫ್ಯಾನ್ ಎಲ್ಲ ಆಫ್ ಮಾಡಿ, ಪೂಜೆಯ ಹೊತ್ತಿಗೆ ತೆರೆಯುವಷ್ಟೇ ಕಿಟಕಿ ತೆರೆಯಿರಿ. ಪ್ರತಿ ಕಿಟಕಿ, ಬಾಗಿಲು, ಕೈಗೆಟುಕುವ ಕಿಂಡಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಬಾಗಿದರೆ ಅಲ್ಲಿ ಗಾಳಿ ಒಳಬರುತ್ತಿದೆ, ಹೊರಗೆ ಬಾಗಿದರೆ ಹೊರಹೋಗುತ್ತಿದೆ. ನೇರ ಮೇಲೆ ಹೋದರೆ ಆ ಕಿಟಕಿ ಲೆಕ್ಕಕ್ಕಿಲ್ಲ. ಚರ್ಚಿನ ನಕ್ಷೆ ಬರೆದು ಬಾಣದ ಗುರುತು ಹಾಕಿ. ಒಳಬರುವ ಬಾಣ ಬೇಕಾದಷ್ಟಿದ್ದು ಹೊರಹೋಗುವುದು ಒಂದೂ ಇಲ್ಲವಾದರೆ ನಿಮ್ಮ ರೋಗ ಗೊತ್ತಾಯಿತು: ಮೇಲಿನ ದಾರಿ ಮುಚ್ಚಿದೆ.

ಕರಾವಳಿಗೆ ಇನ್ನೊಂದು ಮಾತು. ಬೇಸಗೆಯಲ್ಲಿ ಮಧ್ಯಾಹ್ನದಿಂದ ಸಂಜೆತನಕ ಗಾಳಿ ಕಡಲಿನ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ನೆಲದ ಕಡೆಯಿಂದ. ಹಾಗಾಗಿ ಬೆಳಗ್ಗೆಯ ಪೂಜೆಗೂ ಸಂಜೆಯ ಪೂಜೆಗೂ ಒಂದೇ ಕಿಟಕಿ ತೆರೆಯುವುದರಲ್ಲಿ ಅರ್ಥವಿಲ್ಲ. ಸಂಜೆ ಬಿಸಿಲೂ ಪಶ್ಚಿಮದಿಂದಲೇ, ಗಾಳಿಯೂ ಪಶ್ಚಿಮದಿಂದಲೇ, ತಲೆನೋವು ಅಲ್ವಾ? ಅದಕ್ಕೇ ಬಿಸಿಲು ತಡೆದು ಗಾಳಿ ಬಿಡುವ ತಟ್ಟಿ ಬೇಕು. ಗಾಜು ಮುಚ್ಚಿ ಪರದೆ ಎಳೆದರೆ ಎರಡೂ ಹೋಯಿತು. ಬೆಂಗಳೂರಿನಂಥ ಊರಲ್ಲಿ ರಸ್ತೆಯ ಗದ್ದಲಕ್ಕೆ ಕಿಟಕಿ ಮುಚ್ಚುತ್ತಾರೆ. ಅಲ್ಲಿ ರಸ್ತೆಯ ಕಡೆ ಮುಚ್ಚಿ, ಹಿಂದಿನ ಅಂಗಳದ ಕಡೆಯ ಕಿಟಕಿ ಮತ್ತು ಮೇಲಿನ ಕಿಂಡಿ ತೆರೆದಿಡಿ.

ಪ್ರಸಂಗದ (ಪೂಜೆಯ ನಡುವಿನ ಪ್ರವಚನದ) ಹೊತ್ತಿಗೆ ಜನ ತೂಕಡಿಸುತ್ತಿದ್ದರೆ ಫಾದರ್‌ನ್ನು ದೂರುವ ಮೊದಲು ಗಾಳಿಯನ್ನು ಪರೀಕ್ಷಿಸಿ. ಇಂಗಾಲದ ಡೈಆಕ್ಸೈಡ್ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ ಆಸುಪಾಸು ಇರುತ್ತದೆ. ತುಂಬಿದ ಚರ್ಚಿನಲ್ಲಿ 1,000 ದಾಟದಿದ್ದರೆ ಚೆನ್ನಾಗಿದೆ ಎಂದರ್ಥ. 1,500 ದಾಟಿದರೆ ಒಳಗೆ ಹೊಸ ಗಾಳಿ ಸಾಲುತ್ತಿಲ್ಲ.

ಎಚ್ಚರಿಕೆ: ಕಿಂಡಿ ಬಿಡಿಸುವಾಗ ಜೇನು ಅಥವಾ ಕಣಜದ ಗೂಡು ಕಂಡರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರನ್ನು ಕರೆಸಿ. ಬಾವಲಿ, ಪಾರಿವಾಳದ ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಲಕ್ಷಣ 3: ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ

ಎತ್ತರ ನೋಡಿ. ರೆಕ್ಕೆ ನೆಲದಿಂದ 8ರಿಂದ 10 ಅಡಿಯಲ್ಲಿದ್ದರೆ ಕೂತವರಿಗೆ ಗಾಳಿ ತಾಗುತ್ತದೆ. 18 ಅಡಿಯಲ್ಲಿ ತಿರುಗುವ ಫ್ಯಾನ್ ಜೇಡರ ಬಲೆಗೆ ಗಾಳಿ ಹಾಕುತ್ತದೆ. ಉದ್ದದ ರಾಡ್ ಹಾಕಿಸಿದರೆ ಮುಗಿಯಿತು, ಇಲ್ಲವೇ ಕಂಬಗಳಿಗೆ ವಾಲ್ ಫ್ಯಾನ್.

ಎತ್ತರ ಸರಿ ಇದ್ದೂ ಒಂದೇ ಫ್ಯಾನ್ ನಿಧಾನವಾದರೆ ಕೆಪ್ಯಾಸಿಟರ್ ಸೋತಿರುತ್ತದೆ. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರುತ್ತದೆ. ಹಳೆಯದರ ಮೇಲೆ ಬರೆದದ್ದನ್ನು ನೋಡಿ ಅಷ್ಟೇ ಮೈಕ್ರೋಫ್ಯಾರಡ್ ಇರುವುದನ್ನು ಹಾಕಿಸಿ. ಎಲ್ಲ ಫ್ಯಾನೂ ಒಟ್ಟಿಗೆ ನಿಧಾನವಾದರೆ ವೋಲ್ಟೇಜ್ ಬಿದ್ದಿದೆ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಲಿ. 230 ಇರಬೇಕಾದಲ್ಲಿ 200ಕ್ಕಿಂತ ಕಡಿಮೆ ಇದ್ದರೆ, ಮೀಟರ್ ಬೋರ್ಡಿನಲ್ಲೂ ಕಡಿಮೆಯೇ ಎಂದು ಕೇಳಿ. ಅಲ್ಲೂ ಕಡಿಮೆ ಇದ್ದರೆ ಕರೆಂಟ್ ಕಂಪನಿ ಮೆಸ್ಕಾಂಗೆ ದೂರು ಕೊಡಿ. ಅಲ್ಲಿ ಸರಿ ಇದ್ದು ಒಳಗೆ ಮಾತ್ರ ಕಡಿಮೆ ಅಂದರೆ ನಿಮ್ಮದೇ ವೈರಿಂಗ್ ಸಣ್ಣದು ಅಥವಾ ಎಲ್ಲೋ ಜಾಯಿಂಟ್ ಸಡಿಲ.

ಫ್ಯಾನ್ ತೂಗುತ್ತಿದ್ದರೆ, ಕಟಕಟ ಅಂದರೆ, ಅದರ ಕೆಳಗಿನ ಬೆಂಚು ಖಾಲಿ ಮಾಡಿಸಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಕೊಕ್ಕೆ, ಬೋಲ್ಟು ಒಳಗಿಂದಲೇ ತುಕ್ಕು ಹಿಡಿಯುತ್ತವೆ. ಮರದ ತೊಲೆಗೆ ತೂಗುಹಾಕಿದ್ದಲ್ಲಿ ಗೆದ್ದಲನ್ನೂ ನೋಡಬೇಕು. ಈಗ ಬಂದಿರುವ ಭಾರೀ ರೆಕ್ಕೆಯ ದೊಡ್ಡ ಫ್ಯಾನುಗಳನ್ನು ಹಳೆ ಮಾಡಿಗೆ ತೂಗುಹಾಕುವ ಮಾತು ಬಂದರೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ.

ಲಕ್ಷಣ 4: ವಾರವಿಡೀ ಬೀಗ, ಆದರೂ ಬಿಲ್ ಜಾಸ್ತಿ

ಮೊದಲು ಒಂದು ಸಣ್ಣ ಲೆಕ್ಕ. ಹಳೆ ಮಾದರಿಯ ಫ್ಯಾನ್ 75 ವ್ಯಾಟ್. ಅಂಥ 24 ಫ್ಯಾನ್ ಭಾನುವಾರ 4 ಗಂಟೆ ತಿರುಗಿದರೆ 7.2 ಯೂನಿಟ್. ಗ್ರೊಟ್ಟೊದ (ಮಾತೆ ಮರಿಯಳ ಗುಹೆಯಾಕಾರದ ಗುಡಿಯ) ಎದುರು 150 ವ್ಯಾಟಿನ ಒಂದೇ ಒಂದು ಹ್ಯಾಲೋಜನ್ ದಿನಾ ರಾತ್ರಿ 12 ಗಂಟೆ ಉರಿದರೆ ವಾರಕ್ಕೆ 12.6 ಯೂನಿಟ್. ಇಪ್ಪತ್ತನಾಲ್ಕು ಫ್ಯಾನಿಗಿಂತ ಒಂದು ದೀಪ ಹೆಚ್ಚು ತಿಂದಿತು! ಎಲ್ಲ ಫ್ಯಾನ್ ಬದಲಿಸಿ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಹಾಕಿಸಲು ದೇಣಿಗೆ ಎತ್ತುವ ಮೊದಲು ಇದನ್ನು ನೋಡಬೇಕು. ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲೇ ತಿರುಗುತ್ತದೆ, ಒಳ್ಳೆಯದೇ. ಆದರೆ ವಾರಕ್ಕೆ ನಾಲ್ಕು ಗಂಟೆ ತಿರುಗುವ ಕಡೆ ಹಾಕಿದ ದುಡ್ಡು ವಾಪಸ್ ಬರಲು ವರ್ಷಗಟ್ಟಲೆ ಬೇಕು. ದಿನಾ ಬೆಳಗ್ಗೆ ಪೂಜೆಗೆ ತಿರುಗುವ ಮುಂದಿನ ನಾಲ್ಕಾರು ಫ್ಯಾನ್, ಆಫೀಸಿನದು, ಫಾದರ್ ಕೋಣೆಯದು, ಇವನ್ನು ಮೊದಲು ಬದಲಿಸಿ.

ಮೀಟರ್ ಪರೀಕ್ಷೆ ಹೀಗೆ. ಶನಿವಾರ ರಾತ್ರಿ ಚರ್ಚ್ ಮುಚ್ಚಿದ ಮೇಲೆ ಮಾಮೂಲಿನಂತೆ ಎಲ್ಲ ಆಫ್ ಮಾಡಿ, ಮೀಟರಿನ ಮುಂದೆ ನಿಲ್ಲಿ. ಸಣ್ಣ ಕೆಂಪು ದೀಪ ಮಿನುಗುತ್ತಿದೆಯೇ? ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಅದು 3200 ಅಂತಿದ್ದು, 10 ಸೆಕೆಂಡಿಗೊಮ್ಮೆ ಮಿನುಗಿದರೆ ಸುಮಾರು 110 ವ್ಯಾಟ್ ಎಳೆಯುತ್ತಿದೆ ಎಂದರ್ಥ. 5 ಸೆಕೆಂಡಿಗೊಮ್ಮೆ ಆದರೆ ಅದರ ಎರಡರಷ್ಟು. ಈಗ ಬೋರ್ಡಿನ ಒಂದೊಂದೇ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇಳಿಸುತ್ತ ಬನ್ನಿ. ಯಾವುದು ಇಳಿಸಿದಾಗ ಮಿನುಗು ನಿಂತಿತೋ ಕಳ್ಳ ಅಲ್ಲಿದ್ದಾನೆ.

ಸಾಮಾನ್ಯವಾಗಿ ಸಿಗುವವರು: ಸಾಕ್ರಿಸ್ಟಿಯಲ್ಲಿ (ಪೂಜೆಯ ಸಾಮಾನಿಡುವ ಕೋಣೆಯಲ್ಲಿ) ಸದಾ ಆನ್ ಇರುವ ಆಂಪ್ಲಿಫೈಯರ್, ಗೇಟಿನ ಹೊರಗಿನ ದೀಪ, ಹಗಲೂ ಉರಿಯುವ ಫೋಟೋಸೆಲ್ (ಕತ್ತಲಾದಾಗ ದೀಪ ಹಚ್ಚುವ ಸೆನ್ಸರ್) ಕೆಟ್ಟ ಫ್ಲಡ್‌ಲೈಟ್, ಬಾವಿಯ ಪಂಪು. ಒಂದು ಎಚ್‌ಪಿ ಪಂಪ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತೆಗೆದುಕೊಳ್ಳುತ್ತದೆ. ಟಾಯ್ಲೆಟ್ಟಿನ ಫ್ಲಶ್ ಸೋರುತ್ತಿದ್ದರೆ ಅದರ ಬಿಲ್ ಇಲ್ಲಿ ಬರುತ್ತದೆ. ಇನ್ನು ಇನ್ವರ್ಟರ್. ಬ್ಯಾಟರಿಗೆ ವಯಸ್ಸಾಗಿ ಒಳಗಿನ ಒಂದು ಸೆಲ್ ಸತ್ತರೆ ಅದು ಯಾವತ್ತೂ ಫುಲ್ ಚಾರ್ಜ್ ಆಗುವುದಿಲ್ಲ, ಹಗಲು ರಾತ್ರಿ ಎಳೆಯುತ್ತಲೇ ಇರುತ್ತದೆ. ಬ್ಯಾಟರಿಯ ಹೊರಮೈ ಬೆಚ್ಚಗಿದೆಯೇ, ಪದೇ ಪದೇ ನೀರು ಕಡಿಮೆಯಾಗುತ್ತದೆಯೇ ನೋಡಿ. ಬ್ಯಾಟರಿ ಉಬ್ಬಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮುಟ್ಟಬೇಡಿ. ಕಿಟಕಿ ತೆರೆದು, ಬೆಂಕಿ, ಮೇಣದಬತ್ತಿ ದೂರವಿಟ್ಟು ಸರ್ವಿಸಿನವರನ್ನು ಕರೆಯಿರಿ. ಮೇಣದಬತ್ತಿಯ ಪೆಟ್ಟಿಗೆಯೂ ಇನ್ವರ್ಟರೂ ಒಂದೇ ಕಪಾಟಿನಲ್ಲಿರುವ ಚರ್ಚುಗಳಿವೆ. ಇವತ್ತೇ ಬೇರೆ ಮಾಡಿ.

ಬಿಲ್ಲನ್ನೂ ಓದಿ. ಕೊನೆಯ ಮೊತ್ತ ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಗದಿತ ಶುಲ್ಕ ಎಷ್ಟು, ಯೂನಿಟ್ಟಿನ ಶುಲ್ಕ ಎಷ್ಟು ಬೇರೆ ಬೇರೆ ಬರೆಯಿರಿ. ನಿಗದಿತ ಶುಲ್ಕ ಬರುವುದು ಮಂಜೂರಾದ ಲೋಡಿನ ಮೇಲೆ, ನೀವು ಸ್ವಿಚ್ ಹಾಕಿದರೂ ಹಾಕದಿದ್ದರೂ. ಎಂದೋ ಜಾತ್ರೆಯಷ್ಟು ಲೈಟ್ ಹಾಕಲು ಲೋಡ್ ಏರಿಸಿ, ಈಗ ಎಲ್ಲ ಎಲ್‌ಇಡಿ ಆದ ಮೇಲೂ ಹಾಗೇ ಬಿಟ್ಟಿದ್ದರೆ ತಿಂಗಳು ತಿಂಗಳು ಸುಮ್ನೆ ಕಟ್ಟುತ್ತಿದ್ದೀರಿ. ಒಂದು ವರ್ಷದ ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಲೋಡ್) ನೋಡಿ. ಅದು ಮಂಜೂರಾದದ್ದಕ್ಕಿಂತ ತುಂಬ ಕಡಿಮೆ ಇದ್ದರೆ ಲೋಡ್ ಇಳಿಸಲು ಅರ್ಜಿ ಕೊಡಬಹುದು. ಕ್ರಿಸ್ಮಸ್, ವಾರ್ಷಿಕ ಹಬ್ಬದ ತಿಂಗಳ ಬಿಲ್ ಬಿಟ್ಟು ಲೆಕ್ಕ ಹಾಕಬೇಡಿ. ಮಂಜೂರಾದ ಲೋಡ್ ದಾಟಿದರೆ ದಂಡ ಬೀಳುತ್ತದೆ. ಟ್ಯಾರಿಫ್ ಯಾವುದೆಂದೂ ನೋಡಿ. ವಾಣಿಜ್ಯ ದರ ಬಿದ್ದಿದ್ದರೆ ಸೆಕ್ಷನ್ ಆಫೀಸಿನಲ್ಲಿ ಕಾರಣ ಕೇಳಿ. ಬಾಡಿಗೆಗೆ ಕೊಡುವ ಹಾಲ್ ಅದೇ ಮೀಟರಿನಲ್ಲಿದ್ದರೆ ಬೇರೆ ಮೀಟರ್ ಹಾಕಿಸುವುದು ಲೇಸು.

ಲಕ್ಷಣ 5: ಹಬ್ಬದ ದಿನ ಟ್ರಿಪ್ ಆಗುತ್ತದೆ, ದೀಪ ಕೆಲವು ಮಂಕು, ಕೆಲವು ಪ್ರಖರ

ಇಲ್ಲಿ ಉಳಿತಾಯದ ಮಾತು ಬದಿಗಿಡಿ, ಇದು ಜೀವದ ವಿಷಯ.

ಕೆಲವು ದೀಪ ಮಂಕಾಗಿ ಅದೇ ಹೊತ್ತಿಗೆ ಬೇರೆಯವು ಹೆಚ್ಚು ಉರಿದರೆ ನ್ಯೂಟ್ರಲ್ ಸಡಿಲವಾಗಿರಬಹುದು. ಮೇನ್ ಸ್ವಿಚ್ ಇಳಿಸಿ, ಮೆಸ್ಕಾಂ ಲೈನ್‌ಮ್ಯಾನ್ ಮತ್ತು ಎಲೆಕ್ಟ್ರಿಷಿಯನ್ ಬರುವವರೆಗೆ ಏರಿಸಬೇಡಿ. ಸ್ವಿಚ್ ಬೋರ್ಡ್ ಬಿಸಿ, ಸುಟ್ಟ ವಾಸನೆ, ಮೈಕ್ ಮುಟ್ಟಿದರೆ ಜುಮ್ ಅನ್ನುವುದು, ಇದಕ್ಕೂ ಅದೇ ಮಾತು.

ಎಂಸಿಬಿ ಬಿದ್ದರೆ ಲೋಡ್ ಜಾಸ್ತಿ ಅಥವಾ ಶಾರ್ಟ್. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬಿದ್ದರೆ ಎಲ್ಲೋ ಕರೆಂಟ್ ನೆಲಕ್ಕೆ ಸೋರುತ್ತಿದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್ (ಮಾತೆ ಮರಿಯಳ ಜನ್ಮದಿನದ ಹಬ್ಬ) ಹೊತ್ತಿಗೆ ಮಳೆ ಪೂರ್ತಿ ಹೋಗಿರುವುದಿಲ್ಲ. ಒದ್ದೆ ಮರಕ್ಕೆ ಸುತ್ತಿದ ಸೀರಿಯಲ್ ಸೆಟ್ಟಿನ ಜಾಯಿಂಟಿಗೆ ನೀರು ಇಳಿದರೆ ಆರ್‌ಸಿಸಿಬಿ ಬಿದ್ದೇ ಬೀಳುತ್ತದೆ. ಅಲಂಕಾರದ ಪ್ಲಗ್ಗೆಲ್ಲ ಕಿತ್ತು, ಒಂದೊಂದೇ ಹಾಕಿ ನೋಡಿ. "ಕಿರಿಕಿರಿ, ಬೈಪಾಸ್ ಮಾಡಿಬಿಡಿ" ಅನ್ನುವವರ ಮಾತು ಕೇಳಬೇಡಿ. ಅದು ಬೀಳುವುದರಿಂದಲೇ ಮಕ್ಕಳು ಉಳಿಯುತ್ತಾರೆ.

ಹಳೆ ಚರ್ಚುಗಳ ಮರದ ಮುಚ್ಚಿಗೆಯ ಮೇಲೆ ಹಳೆಯ ವೈರಿಂಗ್ ಇನ್ನೂ ಇರಬಹುದು, ಇಲಿ ಕಚ್ಚಿರಬಹುದು. ಅದರ ಮೇಲೆ ಥರ್ಮಾಕೋಲ್, ಹತ್ತಿಯಂಥದ್ದು ಹಾಸಿ ಸೆಕೆ ತಡೆಯಲು ಹೋಗಬೇಡಿ. ವೈರ್ ಬದಲಾದ ಮೇಲೆ ಮಾತ್ರ ಇನ್ಸುಲೇಷನ್, ಅದೂ ಬೆಂಕಿ ಹಿಡಿಯದಂಥದ್ದು.

ಲಕ್ಷಣ 6: ಮಳೆಗಾಲದಲ್ಲಿ ಮುಗ್ಗಲು ವಾಸನೆ, ಬೆವರುವ ನೆಲ

ಗ್ರಾನೈಟ್ ನೆಲ ಒದ್ದೆಯಾದರೆ ಅದು ಸೋರಿಕೆಯೇ ಎಂದು ತಿಳಿಯಬೇಡಿ. ತಣ್ಣನೆ ಕಲ್ಲಿನ ಮೇಲೆ ಬೆಚ್ಚನೆ ತೇವದ ಗಾಳಿ ಕೂತು ನೀರಾಗಿರಬಹುದು. ಫ್ಯಾನ್ ಹಾಕಿ, ಆರಿದರೆ ಅದೇ. ಗೋಡೆಯ ವಿಷಯಕ್ಕೆ ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯ ತೇವ. ಗೋಡೆಯ ಕಡೆ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ. ಆಗ ದಂಬೆ (ಮಾಡಿನ ನೀರು ಹರಿಯುವ ಕಾಲುವೆ) ಕಟ್ಟಿದೆಯೇ, ಹಂಚು ಜಾರಿದೆಯೇ, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಏರಿದೆಯೇ ನೋಡಿ. ಕೆಂಪುಕಲ್ಲಿನ ಹಳೆ ಗೋಡೆಗೆ ಸುಣ್ಣದ ಗಾರೆ ತೆಗೆದು ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದ್ದರೆ ತೇವ ಹೊರಬರಲು ದಾರಿಯಿಲ್ಲದೆ ಬಣ್ಣ ಹಪ್ಪಳದಂತೆ ಏಳುತ್ತದೆ. ಮತ್ತೆ ಮತ್ತೆ ಪೇಂಟ್ ಹೊಡೆಸುವುದು ದುಡ್ಡು ದಂಡ.

ಗೋಡೆಯಲ್ಲಿ ಹಳೆ ಚಿತ್ರಗಳಿದ್ದರೆ ಯಾವ ಪರೀಕ್ಷೆಗೂ ಅಲ್ಲಿ ಟೇಪ್ ಅಂಟಿಸಬೇಡಿ. 1899ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಬ್ರದರ್ ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಸಂತ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳಂಥವು ಇರುವ ಕಡೆ ತೇವ, ಬೆಳಕು, ಎಸಿ ಎಲ್ಲವೂ ಸಂರಕ್ಷಣಾ ತಜ್ಞರ ಕೆಲಸ.

ಇಷ್ಟೆಲ್ಲ ಮಾಡಿಯೂ ಸೆಕೆ ಇದ್ದರೆ

ಆಗ ಎಸಿಯ ಮಾತಾಡಬಹುದು. ಒಂದು ಟನ್ ಎಸಿ 3.5 ಕಿಲೋವ್ಯಾಟ್ ಬಿಸಿ ಹೊರಹಾಕುತ್ತದೆ. 300 ಜನರ ಮೈಬಿಸಿಗೇ ಎಂಟೂವರೆ ಟನ್ ಬೇಕು. ಮಾಡಿನ ಬಿಸಿ, ತೆರೆದ ಬಾಗಿಲು ಬೇರೆ ಲೆಕ್ಕ. ಹಂಚಿನ ಸಂದಿಯಿರುವ ಎತ್ತರದ ಚರ್ಚಿಗೆ ಇದು ಆಗದ ಮಾತು. ವಯಸ್ಸಾದವರು, ಎಳೆ ಮಕ್ಕಳ ತಾಯಂದಿರು ಕೂರಲು ಬದಿಯ ಚಾಪೆಲ್ ಅಥವಾ ಒಂದು ಕೋಣೆಗೆ ಗಾಜಿನ ಬಾಗಿಲಿಟ್ಟು ಎಸಿ ಹಾಕಿಸುವುದು ನನ್ನ ಮಟ್ಟಿಗೆ ಹೆಚ್ಚು ನ್ಯಾಯ. ವಾರದ ದಿನದ ಸಣ್ಣ ಪೂಜೆಗೂ ಅದೇ ಕೋಣೆ ಆಗುತ್ತದೆ.

ಸೋಲಾರ್ ಕೊನೆಗೆ. ವ್ಯರ್ಥ ಕಡಿಮೆ ಮಾಡಿದ ಮೇಲೆ ಎಷ್ಟು ಕಿಲೋವ್ಯಾಟ್ ಬೇಕೆಂದು ಲೆಕ್ಕ ಹಾಕಿ, ಇಲ್ಲವಾದರೆ ಹ್ಯಾಲೋಜನ್ ಉರಿಸಲು ಪ್ಯಾನೆಲ್ ಕೊಂಡ ಹಾಗಾಗುತ್ತದೆ. ತೆಂಗಿನ ನೆರಳು, ಗೋಪುರದ ನೆರಳು ಎಲ್ಲಿ ಬೀಳುತ್ತದೆ ಎಂದು ಡಿಸೆಂಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ನೋಡಿ.

ಯಾರಾದರೂ ಕೊಟೇಷನ್ ತಂದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಜನರಿಗೆ ಲೆಕ್ಕ ಹಾಕಿದ್ದೀರಿ? ಹೊಸ ಗಾಳಿ ಎಲ್ಲಿಂದ ಬರುತ್ತದೆ? ಮಂಜೂರಾದ ಲೋಡ್ ಎಷ್ಟು ಏರಿಸಬೇಕು, ಅದರ ನಿಗದಿತ ಶುಲ್ಕ ತಿಂಗಳಿಗೆ ಎಷ್ಟು? ಮೂರಕ್ಕೂ ಅಂಕಿ ಬರೆದು ಕೊಡಲಾರದವರಿಗೆ ಚಹಾ ಕೊಟ್ಟು ಕಳಿಸಿ.